ಸುಬ್ರಾಯರ ಸಾಂಬಾರು, ಗೋದಾಬಾಯಿಯವರ ಒಲೆ

1962ನೇ ಇಸವಿ ಮಾರ್ಚ್ ಎಂಟನೇ ತಾರೀಖು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಗೋದಾಬಾಯಿ ಮದ್ರಾಸಿನ ತಿರುವಲ್ಲಿಕ್ಕೇಣಿಯ ತಮ್ಮ ಅಡಿಗೆಮನೆಯಲ್ಲಿ ಇದ್ದಿಲೊಲೆಯ ಮುಂದೆ ಕೂತು, ಕುದಿಯುತ್ತಿದ್ದ ಪಾತ್ರೆಯ ಆವಿಗೆ ಮುಖ ಒಡ್ಡಿದ್ದರು. ಪಾತ್ರೆಯಲ್ಲಿದ್ದದ್ದು ಸಾಂಬಾರು. ಅದರ ರುಚಿ ನೋಡುವ ಹಾಗಿರಲಿಲ್ಲ. ನೈವೇದ್ಯ ಆಗುವವರೆಗೆ ಮಡಿ ಅಡಿಗೆಯನ್ನು ನಾಲಿಗೆಗೆ ಮುಟ್ಟಿಸುವುದಿಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಮೂಸುವುದೂ ಇಲ್ಲ.

"ಮೂಗು ಮುಚ್ಕೊಂಡು ಅಡಿಗೆ ಮಾಡಕ್ಕಾಗತ್ತೇನೇ? ಅದಾಗೇ ಬಂದ್ರೆ ನಾನೇನ್ ಮಾಡ್ಲಿ?" ಎಂದು ಹೊಸಿಲಾಚೆ ನಿಂತಿದ್ದ ನನಗೆ ಹೇಳಿ, ಇನ್ನೂ ಸ್ವಲ್ಪ ಬಗ್ಗಿದರು.

ನೈವೇದ್ಯ ಆದ ಮೇಲೆ ರುಚಿ ನೋಡಿದರೂ ಅವರಿಗೆ ಉಪಯೋಗವಿರಲಿಲ್ಲ. ಅವರು ಮಾಡಲು ಹೊರಟಿದ್ದದ್ದು ಮುಚ್ಚಿಹೋದ ಒಂದು ಹೋಟೆಲಿನ ಸಾಂಬಾರು. ಆ ಹೋಟೆಲಿಗೆ ಅವರು ಕಾಲಿಟ್ಟಿರಲಿಲ್ಲ. ಆ ಸಾಂಬಾರನ್ನು ಒಂದು ತೊಟ್ಟೂ ಕುಡಿದಿರಲಿಲ್ಲ. ಅಳತೆಗೋಲು ಅಂತ ಇದ್ದದ್ದು ಒಂದೇ, ತಮ್ಮನ ಮುಖ.

ನಾವು ಅದೇ ಮನೆಯ ಮಹಡಿಯಲ್ಲಿದ್ದೆವು. ನಮ್ಮ ತಂದೆ ಗುರುಬಸಪ್ಪನವರದು ಪ್ಯಾರೀಸ್ ಕಾರ್ನರ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಸಗಟು ಅಂಗಡಿ. ನಾನು ಆಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೆ. ಕೆಳಗಿನ ಮನೆಗೆ ಬೇಕಾದ ಮೆಣಸಿನಕಾಯಿ ಮುಟ್ಟಿಸುವ ಕೆಲಸ ನನ್ನದಾಗಿತ್ತು. ಅಡಿಗೆಮನೆಯ ಹೊಸಿಲು ದಾಟುವುದಿಲ್ಲ ಎಂಬುದು ಯಾರೂ ಹೇಳದೆಯೇ ಆಗಿದ್ದ ಏರ್ಪಾಡು. ನಾವು ಲಿಂಗಾಯತರು, ಅವರು ಮಾಧ್ವರು. ನಮ್ಮಲ್ಲಿ ಈರುಳ್ಳಿ ಇಲ್ಲದ ದಿನವಿರಲಿಲ್ಲ, ಅವರಲ್ಲಿ ಈರುಳ್ಳಿ ಬಂದ ದಿನವಿರಲಿಲ್ಲ. ನಮ್ಮ ಒಗ್ಗರಣೆಯ ವಾಸನೆ ಕೆಳಗಿಳಿದಾಗ ಗೋದಾಬಾಯಿ ಎದ್ದು ಕಿಟಕಿ ಮುಚ್ಚುತ್ತಿದ್ದರು. ನಮಗೆ ಕೇಳಿಸಬಾರದೆಂದು ಬಾಗಿಲನ್ನು ಕೈಯಿಂದ ತಡೆದು, ಮೆಲ್ಲಗೆ.

ಅವರು ಹುಟ್ಟಿದ್ದು ಕುಂಭಕೋಣದಲ್ಲಿ. ಹನ್ನೊಂದಕ್ಕೆ ಮದುವೆ, ಹದಿನಾರಕ್ಕೆ ವೈಧವ್ಯ. ಆಮೇಲೆ ತಾಯಿಮನೆ, ತಾಯಿ ಹೋದ ಮೇಲೆ ಮದ್ರಾಸಿನಲ್ಲಿ ತಮ್ಮ ಮಧ್ವರಾಜರ ಮನೆ. ಮಧ್ವರಾಜರು ಬಂದರಿನ ಹತ್ತಿರದ ಒಂದು ಹಡಗು ಕಂಪನಿಯಲ್ಲಿ ಗುಮಾಸ್ತರು. ಅವರ ಹೆಂಡತಿ ಚೊಚ್ಚಲ ಹೆರಿಗೆಯಲ್ಲಿ ಹೋದರು, ಮಗುವೂ ಉಳಿಯಲಿಲ್ಲ. ಅವರು ಮತ್ತೆ ಮದುವೆಯಾಗಲಿಲ್ಲ. ಹೀಗೆ ಅಕ್ಕ ತಮ್ಮ ಇಬ್ಬರೇ ಉಳಿದರು. ಇಬ್ಬರೂ ಹೆಚ್ಚು ಮಾತಿನವರಲ್ಲ. ಸಂಜೆ ಐದೂಮುಕ್ಕಾಲಿಗೆ ಅವರು ಬಂದು ಚಪ್ಪಲಿ ಬಿಡುವುದು, ಇವರು ಕಾಲು ತೊಳೆಯಲು ನೀರಿಡುವುದು, ಇಷ್ಟರಲ್ಲಿ ದಿನದ ಸಮಾಚಾರ ಮುಗಿಯುತ್ತಿತ್ತು.

ಮಧ್ವರಾಜರಿಗೆ ಮನೆಯಿಂದ ಮೊಸರನ್ನದ ಡಬ್ಬಿ ಹೋಗುತ್ತಿತ್ತು. ಆದರೆ ಮಧ್ಯಾಹ್ನ ಮೂರೂವರೆಗೆ ಕಚೇರಿಯ ಹಿಂದಿನ ಓಣಿಯಲ್ಲಿದ್ದ ಸುಬ್ರಾಯರ ಹೋಟೆಲಿಗೆ ಹೋಗಿ ಎರಡು ಇಡ್ಲಿ, ಒಂದು ಬಟ್ಟಲು ಸಾಂಬಾರು, ಮೇಲೆ ಕಾಫಿ. ಕೂರಲು ಜಾಗವಿಲ್ಲದ ಹೋಟೆಲು. ಉದ್ದದ ಕಲ್ಲುಹಾಸಿನ ಮುಂದೆ ನಿಂತೇ ತಿನ್ನಬೇಕು. ಮೊದಲ ಸಲ ಹೇಳಿದಾಗ ಗೋದಾಬಾಯಿ ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಅದೆಲ್ಲ ಹಾಕ್ತಾರೇನೋ?"

ಅವರು ಈರುಳ್ಳಿ ಎಂಬ ಶಬ್ದವನ್ನು ಬಾಯಲ್ಲಿ ಆಡುತ್ತಿರಲಿಲ್ಲ. 'ಅದು' ಎನ್ನುತ್ತಿದ್ದರು.

"ಛೆ, ಸುಬ್ರಾಯ ಉಡುಪಿಯವನು ಅಕ್ಕಾ. ಮಠದ ಅಡಿಗೆ ಹೇಗೋ ಅವನದೂ ಅಪ್ಪಡಿಯೇ," ಎಂದಿದ್ದರು ಮಧ್ವರಾಜರು.

"ಸೆರಿ, ಹಾಗಾದ್ರೆ ಪರವಾಯಿಲ್ಲೆ."

ಆ ಮಾತು ಅಲ್ಲಿಗೆ ಮುಗಿಯಿತು. ಹದಿನಾರು ವರ್ಷ ಮತ್ತೆ ಬರಲಿಲ್ಲ. 1960ರಲ್ಲಿ ಓಣಿಯ ಆ ಕಟ್ಟಡವನ್ನು ಕೆಡವಿದರು, ಸುಬ್ರಾಯರು ಪಾತ್ರೆಗಳನ್ನು ಕೈಗಾಡಿಗೆ ಹೇರಿಕೊಂಡು ಎಲ್ಲಿಗೋ ಹೋದರು. ಮಧ್ವರಾಜರು ಒಂದು ವಾರ ಮಂಕಾಗಿದ್ದು, ಮತ್ತೆ ಮೊಸರನ್ನಕ್ಕೆ ಹೊಂದಿಕೊಂಡರು.

1962ರ ಜನವರಿಯಲ್ಲಿ ಅವರಿಗೆ ಯಕೃತ್ತಿನ ಕಾಯಿಲೆ ಕಾಣಿಸಿತು. ಕಣ್ಣು ಹಳದಿಯಾಗಿ, ಹೊಟ್ಟೆ ಉಬ್ಬಿ, ಹಾಸಿಗೆ ಹಿಡಿದರು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದರು. ಡಾಕ್ಟರು ಗೋದಾಬಾಯಿಯವರನ್ನು ಜಗುಲಿಗೆ ಕರೆದು, "ಪಥ್ಯದ ಮಾತು ಈಗ ಬೇಡಮ್ಮ. ಯಾವುದು ರುಚಿಸುತ್ತೋ ಅದು ಕೊಡಿ. ಹೊಟ್ಟೆಗೆ ಏನಾದರೂ ಹೋಗ್ತಾ ಇದ್ದರೆ ಮಾತ್ರ ಈ ಬೇಸಿಗೆ ದಾಟ್ತಾರೆ," ಎಂದರು. ಒಳಗೆ ಬಂದು ಕೇಳಿದಾಗ ತಮ್ಮ ಸೂರು ನೋಡುತ್ತ ಹೇಳಿದರಂತೆ: "ಸುಬ್ರಾಯನ ಸಾಂಬಾರಿದ್ದಿದ್ರೆ ಎರಡು ಇಡ್ಲಿ ತಿಂತಿದ್ನೋ ಏನೋ."

ಅವತ್ತಿನಿಂದ ಶುರುವಾಯಿತು. ಅವರ ಮನೆಯಲ್ಲಿ ಹುಳಿ ಮಾಡುತ್ತಿದ್ದರು; ಹುಳಿ ಬೇರೆ, ಹೋಟೆಲಿನ ಸಾಂಬಾರು ಬೇರೆ. ಮೊದಲ ಕೆಲವು ದಿನ ಗೋದಾಬಾಯಿ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರು. ಖಾರ ಹೆಚ್ಚು, ಬೆಲ್ಲ ಕಡಿಮೆ, ಬೇಳೆ ತೆಳು. ಮಧ್ವರಾಜರು "ಅಲ್ಲ" ಎಂದರೆ ಯಾವುದು ಅಲ್ಲ ಎಂದು ತಿಳಿಯುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ವಸ್ತು ಬದಲಾಯಿಸಿ ಎಂದು ನಾನು ಹೊಸಿಲಾಚೆಯಿಂದ ಹೇಳಿದೆ. ಅದನ್ನು ಅವರು ಒಪ್ಪಿದರು. ಮೊದಲು ಮೆಣಸಿನಕಾಯಿ: ಗುಂಡುಮೆಣಸಿನಕಾಯಿ ಬಿಟ್ಟು ನಮ್ಮ ಬ್ಯಾಡಗಿ. "ಬಣ್ಣ ಬಂತು ಅಕ್ಕಾ," ಎಂದರು ತಮ್ಮ. ಆಮೇಲೆ ಮಸಾಲೆ ಹುರಿಯಲು ತುಪ್ಪದ ಬದಲು ತೆಂಗಿನೆಣ್ಣೆ. "ಹಾಂ, ಇದು. ಇದು ಸುಬ್ರಾಯನ ಬಾಣಲೆ." ಆಮೇಲೆ ಮೆಂತ್ಯ, ಕಾಲು ಚಮಚದಿಂದ ಅರ್ಧಕ್ಕೆ, ಅದು ಕಹಿಯಾಯಿತು, ಮತ್ತೆ ಕಾಲು ಚಮಚಕ್ಕೆ. ಕೊತ್ತಂಬರಿ ಬೀಜ ಕಡಲೆಬೇಳೆಯ ಎರಡರಷ್ಟು.

ಮನೆಯ ದೇವರಪೂಜೆಗೆ ಆಗ ಮಠದಿಂದ ಹರಿದಾಸಾಚಾರ್ಯರು ಬಂದು ಹೋಗುತ್ತಿದ್ದರು. ನೈವೇದ್ಯದ ತಟ್ಟೆಯಲ್ಲಿ ದಿನವೂ ಸಾಂಬಾರು ಕಂಡು ಒಂದು ದಿನ ಕೇಳಿಯೇಬಿಟ್ಟರು.

"ಏನಮ್ಮಾ, ದೇವರಿಗೂ ಹೋಟೆಲ್ ಚಟ ಹಿಡಿಸಿಬಿಟ್ರಾ?"

"ದೇವರು ಬೇಡ ಅಂದ್ರಾ ಆಚಾರ್ರೆ? ನೀವೂ ಒಂದು ಬಟ್ಲು ಕುಡಿದೇ ಹೋದ್ರಲ್ಲ ನೆನ್ನೆ," ಎಂದರು ಗೋದಾಬಾಯಿ.

ಮೊದಲಿಗೆ ನಾನು ಹೇಳಿದ ಆ ಗುರುವಾರ ಸಾಂಬಾರು ಬಹಳ ಹತ್ತಿರ ಬಂದಿತ್ತು. ಮಧ್ವರಾಜರು ಒಂದು ಇಡ್ಲಿ ತಿಂದರು. ಅಕ್ಕನ ಮುಖ ಬೆಳಗಿತು.

"ಆಯ್ತೇನೋ ರಾಜಾ? ಇದೇನಾ?"

"ಹತ್ರ ಬಂದಿದೆ. ಕೊಂಜ ಏನೋ ಒಂದು ಇಲ್ಲ."

"ಏನು ಇಲ್ಲ?"

ಅವರು ಗೋಡೆಯ ಕಡೆ ತಿರುಗಿದರು. "ಗೊತ್ತಾಗಲ್ಲ ಅಕ್ಕಾ. ಬಿಡು, ಇದೇ ಚೆನ್ನಾಗಿದೆ."

ಮರುದಿನ ಅರ್ಧ ಇಡ್ಲಿ. ಅದರ ಮರುದಿನ ಮುಟ್ಟಲಿಲ್ಲ. ಆಮೇಲಿನ ಎರಡು ವಾರಗಳಲ್ಲಿ ಬದಲಾಯಿಸಲು ಏನೂ ಉಳಿಯಲಿಲ್ಲ. ಇಂಗನ್ನೂ ಬದಲಾಯಿಸಿಯಾಯಿತು, ಬೇಳೆ ಬೇಯಿಸುವ ನೀರನ್ನೂ. ಮಧ್ವರಾಜರ ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು.

ಮಾರ್ಚ್ ಕೊನೆಯ ವಾರ, ಆಚಾರ್ಯರು ಪೂಜೆ ಮುಗಿಸಿ ಹೋದ ಮೇಲೆ, ಗೋದಾಬಾಯಿ ಮಡಿ ಬಿಟ್ಟು ಹಳೆಯದೊಂದು ಸೀರೆ ಉಟ್ಟು, ಹಿತ್ತಿಲ ಮೆಟ್ಟಿಲು ಹತ್ತಿ ನಮ್ಮ ಅಡಿಗೆಮನೆಯ ಬಾಗಿಲಿಗೆ ಬಂದರು. ಅಷ್ಟು ವರ್ಷಗಳಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ನಮ್ಮ ಅವ್ವ ಶಂಕ್ರಮ್ಮ ರೊಟ್ಟಿ ಬಡಿಯುತ್ತಿದ್ದವಳು ಗಾಬರಿಯಾಗಿ ಎದ್ದಳು.

"ಯಾಕ್ರೀ ಗೋದಕ್ಕ? ರಾಯರಿಗೆ ಏನರ ಆತೇನ್ರಿ?"

"ಇಲ್ಲ. ನಿಮ್ಮ ಒಲೆ ಒಂದು ಗಂಟೆ ಬೇಕು ಶಂಕ್ರಮ್ಮಾ. ಪಾತ್ರೆನೂ ನಿಮ್ದೇ."

"ಒಲಿ ಏನ್ ಹೊತ್ಕೊಂಡ್ ಹೋಗ್ತೀರೇನ್ರಿ, ಬರ್ರಿ ಒಳಗ. ಏನ್ ಮಾಡೋದದ?"

ಗೋದಾಬಾಯಿ ಮೂಲೆಯಲ್ಲಿದ್ದ ಈರುಳ್ಳಿ ಬುಟ್ಟಿಯ ಕಡೆ ನೋಡಿದರು. ಬೆರಳು ತೋರಿಸಲಿಲ್ಲ. ಅವ್ವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳು ದನಿ ತಗ್ಗಿಸಿದಳು.

"ರಾಯರು ಕೇಳಿದ್ರೇನ್ರಿ?"

"ಅವನು ಸತ್ರೂ ಕೇಳಲ್ಲ." ಗೋದಾಬಾಯಿ ಹೊಸಿಲ ಮೇಲೆ ಕೈಯಿಟ್ಟು ನಿಂತರು. "ಹದಿನಾರು ವರ್ಷ ಅವನ ಅಂಗಿ ಒಗೆದಿದೀನಿ ಶಂಕ್ರಮ್ಮಾ. ತೋಳಿನ ತುದೀಲಿ ಇರ್ತಿತ್ತು ಆ ವಾಸನೆ. ಎರಡು ಸಲ ಸೋಪು ಹಾಕ್ತಿದ್ದೆ."

"ಮತ್ತ ಆವಾಗ ಯಾಕ ಕೇಳಲಿಲ್ರೀ?"

"ಕೇಳಿದ್ರೆ ಅವನು ಹೌದು ಅಂದ್ಬಿಡ್ತಾನಲ್ಲ. ಆಮೇಲೆ ನಾನೇನ್ ಮಾಡ್ಬೇಕಿತ್ತು?"

ಅವ್ವ ಸಣ್ಣ ಈರುಳ್ಳಿಗಳನ್ನು ಮೊರಕ್ಕೆ ಸುರಿದು, ಸುಲಿಯಲು ತಾನೇ ಕೂತಳು. ಗೋದಾಬಾಯಿ ಮೊರವನ್ನು ತಮ್ಮ ಕಡೆ ಎಳೆದುಕೊಂಡರು. "ಬೇಡ. ಪಾಪ ನಂದು, ಕೈ ನಿಮ್ದು ಯಾಕೆ?"

ಅವರು ಅದುವರೆಗೆ ಈರುಳ್ಳಿ ಸುಲಿದವರಲ್ಲ. ತುದಿ ಕತ್ತರಿಸದೆ ಉಗುರಿನಿಂದ ಸಿಪ್ಪೆ ಕೀಳಲು ಹೋಗಿ ಒಂದೊಂದಕ್ಕೂ ಬಹಳ ಹೊತ್ತು ತೆಗೆದುಕೊಂಡರು. ಕಣ್ಣಿನಿಂದ ನೀರು ಸುರಿಯಿತು. "ಅಳು ಅಲ್ಲ ಇದು, ಘಾಟು," ಎಂದು ನನಗೆ ಹೇಳಿದರು. ಉಳಿದದ್ದೆಲ್ಲ ಅವರ ಕೈಗೆ ಬಂದಿತ್ತು: ಬ್ಯಾಡಗಿ, ತೆಂಗಿನೆಣ್ಣೆ, ಕಾಲು ಚಮಚ ಮೆಂತ್ಯ. ಸಾಂಬಾರು ಕುದಿದ ಮೇಲೆ ಅವರು ಈರುಳ್ಳಿಯನ್ನೆಲ್ಲ ಒಂದೂ ಬಿಡದೆ ಆರಿಸಿ ತೆಗೆದರು.

"ಅಯ್ಯ, ಅದ ರುಚಿ ಅಲ್ಲೇನ್ರೀ!" ಎಂದಳು ಅವ್ವ.

"ರುಚಿ ಇಳಿದಿದೆಯಲ್ಲ ಒಳಗೆ. ಅವನಿಗೆ ಕಾಣೋದು ಬೇಡ. ನಾನು ಮಾಡಿದೆ ಅಂತ ಗೊತ್ತಾದ್ರೆ ಅವನಿಗೆ ನುಂಗಕ್ಕಾಗಲ್ಲ."

ಇದು ಅವರ ಲೆಕ್ಕಾಚಾರ. ತಮ್ಮನಿಗೆ ರುಚಿ ಸಿಗಬೇಕು, ಆದರೆ ಅಕ್ಕನಿಗೆ ಗೊತ್ತಿದೆ ಎಂಬುದು ಗೊತ್ತಾಗಬಾರದು. ಕೆಳಗೆ ಹೋಗಿ ತಣ್ಣೀರು ಸ್ನಾನ ಮಾಡಿ, ಸೀರೆ ಬದಲಾಯಿಸಿ, ನಮ್ಮದೇ ಒಂದು ಪಿಂಗಾಣಿ ಬಟ್ಟಲಿನಲ್ಲಿ ಇಡ್ಲಿ ಮುಳುಗುವಷ್ಟು ಸಾಂಬಾರು ಹಾಕಿ ಕೊಂಡುಹೋದರು. ಅವ್ವನೂ ನಾನೂ ನಡುಮನೆಯ ಬಾಗಿಲಲ್ಲಿ ನಿಂತೆವು.

"ಇವತ್ತು ಬೇರೆ ಇಂಗು ಹಾಕಿದೀನಿ ರಾಜಾ. ನೋಡು."

ಮಧ್ವರಾಜರು ಒರಗಿಕೊಂಡೇ ಒಂದು ತುತ್ತು ತೆಗೆದುಕೊಂಡರು. ನಮಲುವುದು ನಿಂತಿತು. ಕಣ್ಣು ಮುಚ್ಚಿದರು. ಎರಡನೆಯ ತುತ್ತನ್ನು ಯಾರೂ ಹೇಳದೆ ತಾವೇ ತೆಗೆದುಕೊಂಡರು, ಮೂರನೆಯದನ್ನು ಇನ್ನೂ ಬೇಗ. ಗೋದಾಬಾಯಿ ಬಗ್ಗಿ ಅವರ ಗಲ್ಲದ ಮೇಲೆ ಸೋರಿದ್ದನ್ನು ಬೆರಳಿನಿಂದ ಒರೆಸಿದರು.

ಈರುಳ್ಳಿಯ ಗಂಧಕದ ಅಂಶ ಚರ್ಮಕ್ಕೆ ಹಿಡಿದರೆ ಒಂದು ಸ್ನಾನಕ್ಕೆ ಹೋಗುವುದಿಲ್ಲ. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸಿಪ್ಪೆಯ ನೇರಳೆ ಗೆರೆಯೂ ಉಳಿದಿತ್ತು. ಮಧ್ವರಾಜರು ಕಣ್ಣು ತೆರೆದರು. ಅಕ್ಕನ ಬೆರಳು ನೋಡಿದರು, ಬಾಗಿಲಲ್ಲಿ ನಿಂತ ನಮ್ಮ ಅವ್ವನನ್ನು ನೋಡಿದರು, ಪಿಂಗಾಣಿ ಬಟ್ಟಲನ್ನು ನೋಡಿದರು. ಆಮೇಲೆ ಬಟ್ಟಲನ್ನು ನಿಧಾನವಾಗಿ ದೂರ ಸರಿಸಿದರು.

"ಇದಲ್ಲ ಅಕ್ಕಾ," ಎಂದರು. "ಎಲ್ಲೋ ದೂರ ಹೋಯ್ತು. ಸುಬ್ರಾಯಂದು ಹೀಗಿರಲೇ ಇಲ್ಲ. ನೀನು ದಿನಾ ಮಾಡ್ತೀಯಲ್ಲ, ಅದೇ ಸರಿ."

"ಅಲ್ವೇನೋ?"

"ಅಲ್ಲವೇ ಅಲ್ಲ."

ಗೋದಾಬಾಯಿ ಬಟ್ಟಲು ತೆಗೆದುಕೊಂಡು ಹಿತ್ತಿಲಿಗೆ ಹೋಗಿ ಚೆಲ್ಲಿದರು. ಅವರು ಬಟ್ಟಲು ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸಿತು.

ಮರುದಿನದಿಂದ ಮಧ್ವರಾಜರು ಈರುಳ್ಳಿಯಿಲ್ಲದ ಸಾಂಬಾರಿನಲ್ಲಿ ಅರ್ಧ ಇಡ್ಲಿ ಅದ್ದಿ, "ಇದೇ, ಇದೇ" ಎನ್ನುತ್ತ ನುಂಗಲು ನೋಡುತ್ತಿದ್ದರು. ಕೆಲವು ದಿನ ನುಂಗಿದರು, ಆಮೇಲೆ ಆಗಲಿಲ್ಲ. ಮೇ ಮೊದಲ ವಾರ ತೀರಿಕೊಂಡರು.

ತಮ್ಮ ಹೋದ ಮೇಲೆ ಗೋದಾಬಾಯಿಯವರನ್ನು ಕಾಡಿದ್ದು ಈರುಳ್ಳಿ ಮುಟ್ಟಿದ್ದಲ್ಲ. ಅದಕ್ಕೆ ಆಚಾರ್ಯರನ್ನು ಕೇಳಿ ಪಂಚಗವ್ಯ ತೆಗೆದುಕೊಂಡಿದ್ದರು. ಕಾಡಿದ್ದು ಬೇರೆ. "ಇದಲ್ಲ" ಎಂದು ತಮ್ಮ ಹೇಳಿದ ಮೇಲೆ, ಸುಬ್ರಾಯರ ಹೋಟೆಲಿನಲ್ಲಿ ಈರುಳ್ಳಿ ಇರಲೇ ಇಲ್ಲ ಎಂದಾಯಿತು. ಹಾಗಾದರೆ ಅಂಗಿಯ ವಾಸನೆ ಬಸ್ಸಿನದೋ, ಪಕ್ಕದಲ್ಲಿ ಕೂತವರದೋ. ಒಬ್ಬ ನಿಜ ಹೇಳುವ ತಮ್ಮನನ್ನು ಹದಿನಾರು ವರ್ಷ ಒಳಗೊಳಗೇ ಅನುಮಾನಿಸಿದ್ದೆ, ಕೊನೆಗೆ ಆ ಅನುಮಾನವನ್ನೇ ಬೇಯಿಸಿ ಅವನಿಗೆ ಬಡಿಸಿದೆ. ಹೀಗೆಂದು ಅವರು ನಮ್ಮ ಅವ್ವನ ಮುಂದೆ ಅನೇಕ ಸಲ ಹೇಳಿದರು. "ಅವನಿಗೆ ಗೊತ್ತಾಗಿರುತ್ತೆ ಶಂಕ್ರಮ್ಮಾ. ಅಕ್ಕ ನನ್ನ ನಂಬಿರಲಿಲ್ಲ ಅಂತ ಅಂದ್ಕೊಂಡೇ ಹೋದ."

ಅವ್ವ ಏನು ಹೇಳಿದರೂ ಅದು ಅವರಿಗೆ ಇಳಿಯುತ್ತಿರಲಿಲ್ಲ.

1964ರ ಡಿಸೆಂಬರಿನಲ್ಲಿ ಅಪ್ಪ ವಡಪಳನಿಯ ಒಂದು ಸ್ಟುಡಿಯೊದ ಕ್ಯಾಂಟೀನಿಗೆ ಮೆಣಸಿನಕಾಯಿ ಕೊಡಲು ಹೋಗಿದ್ದಾಗ ಅಲ್ಲಿನ ಅಡಿಗೆಯವರ ಜೊತೆ ಮಾತು ಬೆಳೆಯಿತು. ಅವರು ಸುಬ್ರಾಯರು. ಮುಂದಿನ ಭಾನುವಾರ ಅಪ್ಪ ಅವರನ್ನು ಮನೆಗೆ ಕರೆತಂದರು. ಗೋದಾಬಾಯಿ ನಮ್ಮ ಮಹಡಿಯ ವರಾಂಡದಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ತಮ್ಮ ಹೋದ ಮೇಲೆ ಅವರು ಮಧ್ಯಾಹ್ನಗಳನ್ನು ಅಲ್ಲೇ ಕಳೆಯುತ್ತಿದ್ದರು.

"ಇವ್ರು ಮಧ್ವರಾಜ್ರ ಅಕ್ಕಾರು," ಎಂದರು ಅಪ್ಪ.

ಸುಬ್ರಾಯರ ಮುಖ ಅರಳಿತು. "ಹೌದಾ? ಎಂಥ ಮನುಷ್ಯ ಮಾರಾಯ್ರೆ! ಮೂರೂವರೆ ಅಂದ್ರೆ ಮೂರೂವರೆ. ಎರಡು ಇಡ್ಲಿ, ಸಾಂಬಾರಿನಲ್ಲಿ ಮುಳುಗಬೇಕು. ಬಟ್ಲಲ್ಲಿ ಈರುಳ್ಳಿ ಕಮ್ಮಿ ಆದ್ರೆ ವಾಪಸ್ ಕಳಿಸ್ತಿದ್ರು. 'ಏನು ಸುಬ್ರಾಯರೇ, ಇವತ್ತು ಏಕಾದಶಿಯಾ?' ಅಂತ ಕೇಳುದು!"

ಅಪ್ಪ ಕೆಮ್ಮಿದರು. ತಡವಾಗಿತ್ತು. ಸುಬ್ರಾಯರು ಒಬ್ಬೊಬ್ಬರ ಮುಖವನ್ನೂ ನೋಡಿ, ಎದುರಿಗಿದ್ದ ಮಡಿ ಹೆಂಗಸಿನ ಕೆಂಪು ಸೀರೆಯನ್ನೂ ತಲೆಯ ಮೇಲಿನ ಸೆರಗನ್ನೂ ನೋಡಿ, ಏನಾಯಿತೆಂದು ಅರ್ಥಮಾಡಿಕೊಂಡರು.

"ಅಯ್ಯೋ... ನಾನು ಎಂಥದೋ ಮಾತಾಡಿದೆ."

"ಇಲ್ಲ, ಹೇಳಿ," ಎಂದರು ಗೋದಾಬಾಯಿ. ಕೈಯಲ್ಲಿದ್ದ ಹತ್ತಿ ಹಾಗೇ ಇತ್ತು. "ವಾಪಸ್ ಕಳಿಸ್ತಿದ್ನಾ?"

"ಒಂದೆರಡು ಸಲ ಅಷ್ಟೇ."

"ಬ್ಯಾಡಗಿನಾ ಹಾಕ್ತಿದ್ದದ್ದು? ತೆಂಗಿನೆಣ್ಣೇಲಿ ಹುರಿದು?"

"ಹೌದಲ್ಲ! ಮೆಂತ್ಯ ಚೂರು. ಇದೆಲ್ಲ ನಿಮಗೆ ಹೇಗೆ ಗೊತ್ತು?"

ಗೋದಾಬಾಯಿ ಹತ್ತಿಯನ್ನು ಬುಟ್ಟಿಗೆ ಹಾಕಿದರು. ಒಳಗಿನಿಂದ ಬಂದಿದ್ದ ನಮ್ಮ ಅವ್ವನ ಕಡೆ ತಿರುಗಿ, "ಹಾಗಾದ್ರೆ ಅವತ್ತು ಸರಿಯಾಗೇ ಬಂದಿತ್ತು ಶಂಕ್ರಮ್ಮಾ," ಎಂದರು. "ಮೂರು ತುತ್ತು ತಿಂದ. ನನ್ನ ಬೆರಳು ನೋಡದೇ ಇದ್ದಿದ್ರೆ ಬಟ್ಲು ಖಾಲಿ ಮಾಡ್ತಿದ್ದ."

ತಮ್ಮನನ್ನು ತಪ್ಪಾಗಿ ಅನುಮಾನಿಸಿದ್ದೆ ಎಂಬ ಭಾರ ಅವತ್ತು ಇಳಿಯಿತು. ಅದರ ಜಾಗಕ್ಕೆ ಬಂದದ್ದು ಹಗುರವಾಗಿರಲಿಲ್ಲ. ಅಕ್ಕನ ಮಡಿ ಉಳಿಸಲು ತಮ್ಮ ಸುಳ್ಳು ಹೇಳಿ ಹಸಿದುಕೊಂಡು ಹೋಗಿದ್ದರು. ಅಕ್ಕ ತಮ್ಮನ ಮರ್ಯಾದೆ ಉಳಿಸಲು ಈರುಳ್ಳಿ ಆರಿಸಿ ತೆಗೆದಿದ್ದರು. ಒಂದು ಮಾತು ಆಡಿದ್ದರೆ ಎರಡೂ ಬೇಕಾಗುತ್ತಿರಲಿಲ್ಲ. ಆ ಊಟದಿಂದ ಕಾಯಿಲೆ ವಾಸಿಯಾಗುತ್ತಿತ್ತು ಎಂದು ನಾನು ಹೇಳಲಾರೆ. ಬೇಸಿಗೆ ದಾಟುತ್ತಿದ್ದರೋ ಇಲ್ಲವೋ, ಅದಕ್ಕೂ ಆಧಾರವಿಲ್ಲ. ಇನ್ನಷ್ಟು ದಿನ ಮೂರೂವರೆಗೆ ಎರಡು ಇಡ್ಲಿ ತಿನ್ನುತ್ತಿದ್ದರು ಎಂಬುದಷ್ಟೇ ಖಂಡಿತ.

ಆಮೇಲೆ ಐದು ವರ್ಷ ಗೋದಾಬಾಯಿ ಬದುಕಿದ್ದರು. ಪ್ರತಿ ವರ್ಷ ತಮ್ಮನ ಶ್ರಾದ್ಧವನ್ನು ದೂರದ ಜ್ಞಾತಿಯೊಬ್ಬರಿಂದ ಮಾಡಿಸುತ್ತಿದ್ದರು. ಹೋದವರಿಗೆ ಪ್ರಿಯವಾದದ್ದನ್ನು ಅಂದು ಮಾಡಬೇಕೆಂದು ಆಚಾರ್ಯರು ಹೇಳುತ್ತಿದ್ದರು. ಇವರು ವಡೆ, ಪಾಯಸ, ರವೆ ಉಂಡೆ ಎಲ್ಲ ಮಾಡುತ್ತಿದ್ದರು. ಪ್ರಿಯವಾದ ಒಂದೇ ಒಂದು ವಸ್ತುವಿಗೆ ಆ ಒಲೆಯ ಹತ್ತಿರವೂ ಜಾಗವಿರಲಿಲ್ಲ. ಆದರೆ ನಮ್ಮ ಒಗ್ಗರಣೆಯ ವಾಸನೆ ಕೆಳಗಿಳಿದಾಗ ಅವರು ಕಿಟಕಿ ಮುಚ್ಚುವುದನ್ನು ಬಿಟ್ಟಿದ್ದರು.

ಸುಬ್ರಾಯರು ಅಂದು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ತಿರುಗಿದ್ದರು. ಅಡಿಗೆಯವರ ಕುತೂಹಲ, ತಡೆಯಲಾಗಿರಲಿಲ್ಲ.

"ಅಮ್ಮಾ, ತಪ್ಪು ತಿಳಿಬೇಡಿ. ಒಂದು ಬಟ್ಲಿಗೆ ನೀವು ಎಷ್ಟು ಹಾಕಿದ್ರಿ?"

ಯಾವುದನ್ನು ಎಂದು ಅವರು ಹೇಳಲಿಲ್ಲ. ಗೋದಾಬಾಯಿ ಎದ್ದು ನಿಂತರು. ಪಕ್ಕದ ಮನೆಯವರಿಗೂ ಎದುರುಮನೆಯವರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದರು:

"ಈರುಳ್ಳಿನಾ? ಹನ್ನೊಂದು."